ಅಕ್ಕನ ದನಿಗೆ ಒಂದು ಫೋನು

ಆ ಬೆಳಿಗ್ಗೆಯೂ ಐದೂವರೆಗೆ ನೀರು ಬಂತು. ಮಯೂರ್ ವಿಹಾರದ ನಮ್ಮ ಸೊಸೈಟಿಯಲ್ಲಿ ನೀರು ಬಂದದ್ದು ಮೊದಲು ತಿಳಿಯುವುದು ನಲ್ಲಿಯಿಂದಲ್ಲ, ಕೆಳಗಿನ ಮನೆಯವರ ಮೋಟಾರಿನ ಗೊರಗೊರ ಸದ್ದಿನಿಂದ. ಎದ್ದು ಡ್ರಮ್ಮಿಗೆ ಪೈಪು ಬಿಟ್ಟು, ಹಾಲಿನ ಪ್ಯಾಕೆಟ್ಟು ತೊಳೆದು, ಕಾಫಿಗೆ ನೀರಿಟ್ಟೆ. ಗಂಡ ಏಳಕ್ಕೆಲ್ಲ ಹೊರಟುಬಿಡುತ್ತಾರೆ. ಘಾಜಿಯಾಬಾದಿನಲ್ಲಿ ಅವರದೊಂದು ಚಿಕ್ಕ ಇಡ್ಲಿ-ದೋಸೆಯ ಹೋಟೆಲಿದೆ. ದಿನವಿಡೀ ಊರಿಗೆಲ್ಲ ದೋಸೆ ಕೊಡುವ ಮನುಷ್ಯನಿಗೆ ಮನೆಯಲ್ಲಿ ಮಾತ್ರ ಬ್ರೆಡ್ಡೇ ಆಗಬೇಕು, ಅದೂ ಅಂಚು ಕರಿದಾಗಿರಬೇಕು.

ಟೋಸ್ಟರಿನ ಪಕ್ಕದಲ್ಲಿ ನನ್ನ ಹೊಸ ಫೋನು ಚಾರ್ಜಿಗೆ ಕೂತಿತ್ತು. ಕೊಂಡು ಅಂದಿಗೆ ಏಳನೆಯ ದಿನ. ಅಂಗಡಿಯವನು ನಮ್ಮ ಹೋಟೆಲಿನ ಖಾಯಂ ಗಿರಾಕಿ. ಅದರ ಸಲಿಗೆಯಲ್ಲಿ, ಏಳು ದಿನದೊಳಗೆ ಮನಸ್ಸಿಗೆ ಬಾರದಿದ್ದರೆ ಡಬ್ಬಿ ಸಮೇತ ತಂದು ಬೇರೆ ಒಯ್ಯಬಹುದು ಎಂದು ಮಾತು ಕೊಟ್ಟಿದ್ದ. ನನಗಿದ್ದದ್ದು ಆ ಒಂದು ದಿನ ಮಾತ್ರ.

"ಇವತ್ತು ನಾನು ಘಾಜಿಯಾಬಾದಿಗೆ ಬರ್ತೇನೆ. ಈ ಫೋನು ವಾಪಸ್ ಕೊಡ್ಬೇಕು," ಎಂದೆ.

ಗಂಡ ಕಪ್ಪು ಕೆಳಗಿಟ್ಟರು. "ಎಂತ ಮಾರಾಯ್ತಿ, ಎಂತ ಕಮ್ಮಿ ಆಯ್ತು ಅದಕ್ಕೆ?"

ನಾನು ಬಾಯಿ ತೆರೆಯುವ ಮೊದಲೇ ಕಾಲೇಜಿಗೆ ಹೊರಟಿದ್ದ ಮಗಳು, ಒಂದು ಕಾಲಿಗೆ ಮಾತ್ರ ಸಾಕ್ಸ್ ಹಾಕಿಕೊಂಡು ಬಂದಳು. "ಅಮ್ಮಾ, ನೋ! ಇದ್ರ ಕ್ಯಾಮೆರಾ ನೋಡು, ಕಿತ್ನಾ ಅಚ್ಛಾ ಹೈ. ನನ್ ಫೋನ್‌ಗಿಂತ ಬೆಟರ್. ಈ ರೇಂಜಲ್ಲಿ ಇದಕ್ಕಿಂತ ಬೆಸ್ಟ್ ಸಿಗೋದೇ ಇಲ್ಲ. ನಾನು ಹನ್ನೊಂದು ರಿವ್ಯೂ ನೋಡಿದೀನಿ."

ಆ ಹನ್ನೊಂದರಲ್ಲಿ ನಾಲ್ಕನ್ನು ನನಗೂ ತೋರಿಸಿದ್ದಳು. ನಾಲ್ಕರಲ್ಲೂ ಗಡ್ಡ ಬಿಟ್ಟ ಒಬ್ಬ ಹುಡುಗ ನೀಲಿ ದೀಪದ ಕೆಳಗೆ ಕೂತು ಫೋನನ್ನು ಮಗುವಿನ ಹಾಗೆ ಅತ್ತಿತ್ತ ತಿರುಗಿಸುತ್ತಿದ್ದ. ಹೊಗಳುತ್ತ ಹೊಗಳುತ್ತ ಎಲ್ಲರೂ ಒಂದು ಕಡೆ ಬಂದು 'ಆದರೆ' ಎನ್ನುತ್ತಿದ್ದರು. ಪರದೆ ಚೆನ್ನಾಗಿದೆ, ಆದರೆ ಬೆನ್ನು ಪ್ಲಾಸ್ಟಿಕ್ಕು. ಆಟ ಆಡಲು ಸೊಗಸು, ಆದರೆ ಅರ್ಧ ಗಂಟೆಗೆ ಬಿಸಿ. ಈ ದರದಲ್ಲಿ ಇಷ್ಟೆಲ್ಲ ಕೇಳಬಾರದು ಎಂದು ಕೊನೆಗೆ ನಮ್ಮನ್ನೇ ಸಮಾಧಾನಪಡಿಸುತ್ತಿದ್ದರು. ಫೋನಿನಲ್ಲಿ ಯಾರಾದರೂ ಮಾತಾಡಿದರೆ ಹೇಗೆ ಕೇಳಿಸುತ್ತದೆ ಎಂದು ಆ ನಾಲ್ವರಲ್ಲಿ ಒಬ್ಬನೂ ಹೇಳಲಿಲ್ಲ. ಮಗಳನ್ನು ಕೇಳಿದೆ. "ಅಮ್ಮಾ, ಫೋನ್ ಅಂದ್ಮೇಲೆ ಕಾಲ್ ಬರುತ್ತೆ. ಅದನ್ನ ರಿವ್ಯೂ ಯಾಕ್ ಮಾಡ್ತಾರೆ?" ಎಂದಳು.

ಆ ಫೋನಿನ ಮೇಲೆ ಅನ್ಯಾಯದ ಮಾತಾಡಲಾರೆ. ಬಾಲ್ಕನಿಯ ಬಿಸಿಲಲ್ಲೂ ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು. ಕುಕ್ಕರು ನಾಲ್ಕು ಕೂಗು ಹಾಕುವಷ್ಟರಲ್ಲಿ ಅರ್ಧ ಚಾರ್ಜಾಗುತ್ತಿತ್ತು. ಒಂದು ಸಲ ತುಂಬಿದರೆ ಮರುದಿನ ಸಂಜೆಯವರೆಗೂ ಸುದ್ದಿಯಿಲ್ಲ. ಕಿರಿಕಿರಿಗಳೂ ಇದ್ದವು. ಅದರ ಬೆನ್ನು ಒದ್ದೆ ಸೋಪಿನ ಹಾಗೆ ಜಾರುತ್ತಿತ್ತು. ಎರಡು ಸಲ ಹಿಟ್ಟಿನ ಡಬ್ಬದೊಳಕ್ಕೇ ಬಿತ್ತು. ಕಾಯಿ ತುರಿದು, ಪಾತ್ರೆ ತಿಕ್ಕಿ ಸವೆದ ನನ್ನ ಹೆಬ್ಬೆರಳನ್ನು ಅದು ಮನುಷ್ಯರ ಬೆರಳೆಂದು ಒಪ್ಪಲೇ ಇಲ್ಲ. ಮಗಳು ಅದೇ ಬೆರಳನ್ನು ಮೂರು ಸಲ ಬೇರೆ ಬೇರೆ ಬೆರಳೆಂದು ನಂಬಿಸಿ ದಾಖಲು ಮಾಡಿದಳು. ಆ ಮೇಲೂ ಬೆಳಿಗ್ಗೆ ಒಪ್ಪಿದರೆ ಮಧ್ಯಾಹ್ನ ಒಪ್ಪುತ್ತಿರಲಿಲ್ಲ. ಇನ್ನು ಆ ಹೊಗಳಿಸಿಕೊಂಡ ಕ್ಯಾಮೆರಾ, ಭಾನುವಾರ ಬಿಡಿಸಿಟ್ಟ ಮೆಂತ್ಯ ಸೊಪ್ಪನ್ನು ಪ್ಲಾಸ್ಟಿಕ್ ಎಲೆಯ ಹಸಿರಿಗೆ ತಿರುಗಿಸಿತು. ನನ್ನ ಕೆನ್ನೆಯ ಮೇಲೆ ಮೂವತ್ತು ವರ್ಷದಿಂದ ಇರುವ ಮಚ್ಚೆಯನ್ನು ಕೇಳದೆಯೇ ಅಳಿಸಿತು. ಇವೆಲ್ಲವನ್ನೂ ಸಹಿಸಬಹುದಿತ್ತು. ಸಂಸಾರ ಮಾಡಿದವಳಿಗೆ ಇಂಥ 'ಆದರೆ'ಗಳು ಹೊಸತಲ್ಲ.

ಸಹಿಸಲಾಗದ್ದು ಒಂದೇ. ಅದರಲ್ಲಿ ನನ್ನ ಅಕ್ಕನ ಮಾತು ಕೇಳಿಸುತ್ತಿರಲಿಲ್ಲ.

ಅಕ್ಕ ಉಡುಪಿಯಲ್ಲಿದ್ದಾಳೆ. ಎರಡು ತಿಂಗಳ ಹಿಂದೆ ಅವಳ ಕುತ್ತಿಗೆಯ ಥೈರಾಯ್ಡ್ ಗಂಟಿಗೆ ಆಪರೇಷನ್ ಆಯಿತು. ಗಂಟು ಹೋಯಿತು, ಜೊತೆಗೆ ದನಿಯೂ ಹೋಯಿತು. ಯಾವುದೋ ನರಕ್ಕೆ ಪೆಟ್ಟಾಗಿದೆ, ನಿಧಾನವಾಗಿ ಮರಳಬಹುದು, ಎಷ್ಟು ಮರಳುತ್ತದೋ ಈಗಲೇ ಹೇಳಲಾಗದು ಎಂದರಂತೆ ಡಾಕ್ಟರು. ಎರಡು ತಿಂಗಳಾಗುತ್ತ ಬಂದ ಮೇಲೆ ಅಷ್ಟಿಷ್ಟು ಮಾತಾಡಲು ಅಪ್ಪಣೆ ಕೊಟ್ಟರು. ಬೆಳಗಿನ ಹೊತ್ತಿನಲ್ಲಿ, ದಿನಕ್ಕೆ ಹತ್ತೇ ನಿಮಿಷ, ಗಂಟಲಿಗೆ ಒತ್ತಡ ಹಾಕದೆ. ಅಕ್ಕ ಆ ಹತ್ತು ನಿಮಿಷವನ್ನು ಪೂರ್ತಿ ನನಗೇ ತೆಗೆದಿಟ್ಟಳು. ಭಾವನಿಗೆ ಚೀಟಿ ಬರೆಯುತ್ತಿದ್ದಳು. ಕೆಲಸದವಳಿಗೆ ಕೈಸನ್ನೆ. ಹನ್ನೊಂದು ಗಂಟೆಗೆ ನನಗೆ ಮಾತು.

ಅವಳಿಗೆ ಅಪ್ಪಣೆ ಸಿಕ್ಕ ವಾರದಲ್ಲೇ ನನ್ನ ಹಳೆಯ ಫೋನಿನ ಬ್ಯಾಟರಿ ಉಬ್ಬಿ, ಪರದೆ ಬಾಯಿ ತೆರೆದುಕೊಂಡಿತು. ಹಾಗಾಗಿ ಅವಸರದಲ್ಲಿ ಈ ಫೋನು ಬಂತು. ಕೊಳ್ಳುವ ದಿನ ಪರೀಕ್ಷೆ ಮಾಡದೆ ಕೊಂಡೆ ಎಂದು ಯಾರೂ ಹೇಳುವಂತಿಲ್ಲ. ಅಂಗಡಿಯಲ್ಲೇ ಸಿಮ್ ಹಾಕಿಸಿ ಗಂಡನಿಗೆ ಫೋನು ಮಾಡಿದ್ದೆ. ಎಷ್ಟು ಚೆನ್ನಾಗಿ ಕೇಳಿಸಿತು! ಹಿಂದೆ ಹುಯ್ಲಿಡುವ ಎಕ್ಸಾಸ್ಟ್ ಫ್ಯಾನು, ಗ್ರೈಂಡರು, ತಟ್ಟೆಗಳ ಸದ್ದು ಒಂದೂ ಇಲ್ಲ. ಅವರ ದನಿ ಮಾತ್ರ, ತೊಳೆದಿಟ್ಟ ಹಾಗೆ. ಅಂಗಡಿಯವನು ಹೆಮ್ಮೆಯಿಂದ, "ಗಲಾಟೆಯನ್ನೆಲ್ಲ ಇದೇ ಸೋಸಿಬಿಡುತ್ತೆ ಮೇಡಮ್‌ಜೀ," ಎಂದಿದ್ದ. ನಾನು ಮರುಮಾತಿಲ್ಲದೆ ಒಪ್ಪಿಕೊಂಡೆ. ಹೋಟೆಲಿನವನ ಗಂಟಲಿನಿಂದ ಫೋನು ಪರೀಕ್ಷೆ ಮಾಡಬಾರದೆಂದು ನನಗೆ ಹೊಳೆಯಬೇಕಿತ್ತು. ಒಲೆಯ ಮುಂದೆ ನಿಂತು ಏಳು ಮೇಜಿನಾಚೆಗೆ 'ಎರಡು ಮಸಾಲೆ' ಎಂದು ಕೂಗಿ ಕೂಗಿ ಪಳಗಿದ ದನಿ ಅದು. ಫೋನಿಲ್ಲದಿದ್ದರೂ ಅರ್ಧ ದಾರಿ ಬಂದೀತು.

ಅಕ್ಕನೂ ನಾನೂ ಅದಕ್ಕೆ ತದ್ವಿರುದ್ಧ ಶಾಲೆಯವರು. ನಾವಿಬ್ಬರೂ ಓದಿದ ಕಾನ್ವೆಂಟಿನಲ್ಲಿ ಆಫೀಸಿನ ಫೋನಿನ ಬಳಿ ನಿಂತರೆ ಪಕ್ಕದವರಿಗೂ ಕೇಳಿಸದ ಹಾಗೆ ಮಾತಾಡಬೇಕು ಎಂದು ಸಿಸ್ಟರುಗಳು ಬೆತ್ತವಿಲ್ಲದೆಯೇ ಕಲಿಸಿದ್ದರು. ಅದರ ಮೇಲೆ ಈಗ ಅವಳ ದನಿಯಲ್ಲಿ ಮುಕ್ಕಾಲು ಪಾಲು ಬರೀ ಉಸಿರು. ಆ ಉಸಿರನ್ನು ಈ ಫೋನು ಫ್ಯಾನಿನ ಗಾಳಿಯೆಂದು ತಿಳಿದು ಸೋಸುತ್ತಿತ್ತು. ಮಗಳು ಸೆಟ್ಟಿಂಗಿನೊಳಗೆಲ್ಲ ಹುಡುಕಿದಳು. ಅದನ್ನು ಆರಿಸಲು ಗುಂಡಿಯೇ ಇರಲಿಲ್ಲ. ಸ್ಪೀಕರಿಗೆ ಹಾಕಿದರೂ ಅಷ್ಟೆ.

ಮೊದಲ ದಿನ "ಹಲೋ" ಎಂಬುದರಲ್ಲಿ "ಲೋ" ಮಾತ್ರ ಬಂತು. ನಾನು "ಏನು? ಏನಕ್ಕ?" ಎಂದಷ್ಟೂ ಅವಳು ಗಂಟಲು ಬಿಗಿದು ಎತ್ತರಿಸಲು ನೋಡಿದಳು. ಬಿಗಿಯುವುದೇ ಕೂಡದು ಎಂದು ಡಾಕ್ಟರು ಹೇಳಿದ್ದನ್ನು ನೆನೆದು ನನಗೆ ಹೆದರಿಕೆಯಾಯಿತು. ಮರುದಿನದಿಂದ ಏನೂ ಕೇಳದೆ, ಖಾಲಿ ಜಾಗಗಳಿಗೆ "ಹೌದಾ", "ಪಾಪ", "ಒಳ್ಳೇದಾಯ್ತು" ಎಂದು ನಾನೇ ಅಂದಾಜಿನಲ್ಲಿ ತುಂಬುತ್ತ ಹೋದೆ. ಐದನೆಯ ದಿನ ಮಾತು ಮುಗಿದ ಮೇಲೆ ಅಕ್ಕನ ಮೆಸೇಜು ಬಂತು. 'ನಿನ್ನೆ ರಾತ್ರಿ ನುಂಗಲಿಕ್ಕೆ ಆಗಲಿಲ್ಲ, ತುಂಬ ನೋವು ಅಂದೆ. ನೀನು ಒಳ್ಳೇದಾಯ್ತು ಅಂದೆ. ನಿಂಗೆ ಕೇಳ್ತಾ ಇಲ್ಲ ಅಲ್ವಾ? ಇನ್ನು ಫೋನು ಬೇಡ ಬಿಡು. ಮೆಸೇಜೇ ಮಾಡುವಾ.'

ಆರನೆಯ ದಿನ ಹನ್ನೊಂದಕ್ಕೆ ಫೋನು ಬರಲಿಲ್ಲ.

ಇದನ್ನೆಲ್ಲ ಆ ಬೆಳಿಗ್ಗೆ ಬ್ರೆಡ್ಡಿನ ಮುಂದೆ ಹೇಳಿದೆ. ಗಂಡ ತಲೆ ತುರಿಸಿಕೊಂಡು, "ನಂಗೆ ಎಲ್ಲ ಸರಿಯಾಗಿಯೇ ಕೇಳ್ತದಲ್ಲ," ಎಂದರು. ಮಗಳು, "ದೊಡ್ಡಮ್ಮಂಗೆ ಟೈಪ್ ಮಾಡೋಕೆ ಬರುತ್ತಲ್ಲಾ, ತೋ ಪ್ರಾಬ್ಲಮ್ ಕ್ಯಾ ಹೈ?" ಎಂದಳು. ಇಬ್ಬರೂ ಪ್ರೀತಿಯಿಲ್ಲದವರಲ್ಲ. ಅದಕ್ಕೇ ಇನ್ನಷ್ಟು ರೇಗಿತು. ಬಂದ ಸಿಟ್ಟನ್ನು ಟೋಸ್ಟರಿನ ಪುಡಿ ಕೊಡಹುವುದರಲ್ಲಿ ತೀರಿಸಿಕೊಂಡೆ. ಆ ಮೇಲೆ ಅಕ್ಕನಿಗೆ ಬರೆದೆ: 'ಇವತ್ತು ಒಂದು ದಿನ ನಿನ್ನ ಹತ್ತು ನಿಮಿಷ ಕೊಡು. ನಾನೇ ಫೋನು ಮಾಡ್ತೇನೆ. ಮಧ್ಯ ಮಧ್ಯ ಕಟ್ ಮಾಡಿ ಬೇರೆ ಫೋನಿಂದ ಮತ್ತೆ ಮಾಡ್ತೇನೆ, ಬೇಜಾರಾಗ್ಬೇಡ.'

ಯಮುನಾ ಬ್ಯಾಂಕಿನಲ್ಲಿ ಮೆಟ್ರೋ ಬದಲಿಸಿ ವೈಶಾಲಿಯಲ್ಲಿ ಇಳಿದೆ. ಕೈಚೀಲದಲ್ಲಿ ಡಬ್ಬಿ. ಅದರೊಳಗಿನ ಪ್ಲಾಸ್ಟಿಕ್ ಹಾಳೆಯನ್ನೂ ಇಸ್ತ್ರಿ ಮಾಡಿದ ಹಾಗೆ ಮಡಚಿಟ್ಟಿದ್ದೆ. ಅಂಗಡಿ ತಲುಪಿದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಮಾಲೀಕ ಗಾಜಿನ ಮೇಜಿಗೆ ಊದುಬತ್ತಿ ಬೆಳಗುತ್ತಿದ್ದ.

"ಆಯಿಯೇ ಮೇಡಮ್‌ಜೀ! ಹೇಗಿದೆ ಫೋನು? ಬೆಣ್ಣೆ ಥರ, ಮಖ್ಖನ್ ಅಲ್ವಾ?"

"ಮಾತು ಕೇಳಿಸಲ್ಲ ಭಯ್ಯಾ."

ಅವನು ತನ್ನ ಫೋನು ತೆಗೆದುಕೊಂಡು ಮೇಜಿನ ಇನ್ನೊಂದು ತುದಿಯಿಂದ ನನಗೇ ಕರೆ ಮಾಡಿ, ನನ್ನ ಮುಖ ನೋಡುತ್ತ, "ಹಲೋ! ಹಲೋ! ಕೇಳಿಸ್ತಿದೆಯಾ?" ಎಂದು ಕೂಗಿದ. ಆ ಕೂಗಿಗೆ ಹೊರಗೆ ಹೋಗುತ್ತಿದ್ದ ರಿಕ್ಷಾದವನೂ ತಿರುಗಿ ನೋಡಿದ. "ನೋಡಿ, ಏಕ್‌ದಮ್ ಕ್ಲಿಯರ್!"

ನನ್ನ ಹಿಂದಿ ಸಿಟ್ಟಿನಲ್ಲಿ ಕೈಕೊಡುತ್ತದೆ. ಆದಷ್ಟು ನಿಧಾನವಾಗಿ ಅಕ್ಕನ ವಿಷಯ ಹೇಳಿದೆ. ಅವನು ಮರುಕದಿಂದ ತಲೆಯಾಡಿಸಿ, ಆದರೂ ಇದು ಫೋನಿನ ತಪ್ಪಲ್ಲ, ನೆಟ್‌ವರ್ಕಿನದು ಇರಬೇಕು ಎಂದ. ಅಷ್ಟರಲ್ಲಿ ಹನ್ನೊಂದಾಯಿತು. ಅಂಗಡಿಯ ಹಾಡು ನಿಲ್ಲಿಸಲು ಹೇಳಿ ಅಕ್ಕನಿಗೆ ಫೋನು ಹಚ್ಚಿದೆ.

ಬೇರೆ ಯಾರಾದರೂ ಆಗಿದ್ದರೆ ಪರೀಕ್ಷೆಗೆಂದು ಹಲೋ ಹಲೋ ಎಂದುಕೊಂಡಿರುತ್ತಿದ್ದರು. ಅಕ್ಕ ತನ್ನ ಹತ್ತು ನಿಮಿಷವನ್ನು ಹಲೋಗೆ ಪೋಲು ಮಾಡುವವಳಲ್ಲ. ಭಾವನ ಚಿಕ್ಕಮ್ಮ ಅವಳನ್ನು ನೋಡಲು ಬಂದ ಕತೆಯನ್ನು ನೇರವಾಗಿ ಶುರುಮಾಡಿಬಿಟ್ಟಳು. ನನಗೆ ಸಿಕ್ಕಿದ್ದು, "ಚಿಕ್ಕಮ್ಮ... ಎರಡು ಚೀಲ... ಒಂಬತ್ತು ದಿನ..." ಅಷ್ಟೆ. ಫೋನನ್ನು ಮಾಲೀಕನ ಕಿವಿಗೆ ಕೊಟ್ಟೆ. ಕೇಳಿ, ಕಣ್ಣು ಕಿರಿದು ಮಾಡಿ, "ಮೇಡಮ್‌ಜೀ, ಲೈನ್ ಕಟ್ಟಾಗಿದೆ," ಎಂದ.

"ಕಟ್ಟಾಗಿಲ್ಲ. ಅವಳು ಮಾತಾಡ್ತಾ ಇದಾಳೆ."

ಅವನು ಪರದೆ ನೋಡಿದ. ಸೆಕೆಂಡುಗಳು ಓಡುತ್ತಿದ್ದವು. ಮತ್ತೆ ಕಿವಿಗಿಟ್ಟ. ಹಿಂದೆ ತಿರುಗಿ ಮೇಲಿನ ಅರೆಯಿಂದ ಇನ್ನೊಂದು ಡಬ್ಬಿ ತೆಗೆದ. "ಹಾಗಿದ್ರೆ ಇದು ನೋಡಿ, ಇದರ ಅಣ್ಣ. ಸ್ವಲ್ಪ ಮೇಲಿನದು. ಇದರಲ್ಲಿ ಮೂರು ಮೈಕು."

ಸಿಮ್ ಬದಲಾಯಿತು. ಅಕ್ಕ ಕತೆ ನಿಲ್ಲಿಸಿದ ಜಾಗದಿಂದಲೇ ಮುಂದುವರಿಸಿದಳು. ಅಣ್ಣನಿಗೆ ತಮ್ಮನಿಗಿಂತ ಹೆಚ್ಚಿನ ಜಾಣತನ. ಅವಳ ದನಿಯನ್ನು ಬುಡಸಮೇತ ಸೋಸಿ, ನೀರವತೆಯನ್ನು ನನ್ನ ಕಿವಿಗೆ ಸುರಿಯಿತು. ಎರಡು ನಿಮಿಷ ಆ ನಿಶ್ಶಬ್ದವನ್ನೇ ಕೇಳುತ್ತ ನಿಂತೆ. ಅಕ್ಕನ ದಿನದ ಹತ್ತರಲ್ಲಿ ಐದು ಹೋದವು. ಅತ್ತ ಅವಳ ಗಂಟಲು, ಇತ್ತ ಇವನ ಮೂರು ಮೈಕು. ನನಗೆ ಅಲ್ಲೇ ಕೂತು ಅತ್ತುಬಿಡಬೇಕೆನಿಸಿತು.

"ಆ ಕೆಳಗಿನದು ಯಾವುದು?" ಎಂದೆ. ಗಾಜಿನ ಕೆಳಗಿನ ಅರೆಯಲ್ಲಿ, ಮೂಲೆಯಲ್ಲಿ ಒಂದು ದಪ್ಪನೆಯ ಫೋನಿತ್ತು.

"ಅದಾ? ಅದು ಹಳೇ ಮಾಡೆಲ್ಲು. ಕ್ಯಾಮೆರಾ ಅಷ್ಟಕ್ಕಷ್ಟೆ, ಪರದೆ ಮಂಕು. ನಿಮ್ಮಂಥವರಿಗಲ್ಲ ಮೇಡಮ್‌ಜೀ."

"ತೆಗೀರಿ."

"ನಿಮ್ಮ ಯಜಮಾನರು ನನ್ನನ್ನ ಬೈತಾರೆ. ನನ್ನ ದೋಸೆ ಸೀದು ಹೋಗುತ್ತೆ ಆ ಮೇಲೆ."

"ದೋಸೆ ನಾನು ನೋಡ್ಕೋತೀನಿ. ನೀವು ಸಿಮ್ ಹಾಕಿ."

ಸಿಮ್ ಹಾಕಿ, ಫೋನು ಎಚ್ಚರಗೊಂಡು, ಅದರ ಸ್ವಾಗತ, ಷರತ್ತು, ಅನುಮತಿಗಳೆಲ್ಲ ಮುಗಿಯುವ ಹೊತ್ತಿಗೆ ಬೆವರು ಕಿತ್ತಿತು. ನಂಬರು ಒತ್ತಿದೆ. ಮೊದಲು ಕಿವಿಗೆ ಬಿದ್ದದ್ದು ಒಂದು ಕಾಗೆ. ಅನಂತರ ಅಕ್ಕನ ಮನೆಯ ಮುಂದೆ ಬಸ್ಸಿನ ಹಾರನ್ನು, ಯಾರೋ ಬಟ್ಟೆ ಒಗೆಯುವ ಸದ್ದು. ಈ ಫೋನು ಯಾವುದನ್ನೂ ಸೋಸುವ ಗೋಜಿಗೇ ಹೋಗಿರಲಿಲ್ಲ. ಆ ಗದ್ದಲದ ಮಧ್ಯೆ, ಒಣ ಎಲೆಗಳು ಒಂದಕ್ಕೊಂದು ಉಜ್ಜಿದಂತೆ ಒರಟಾಗಿ, ಆದರೆ ಪೂರ್ತಿ ಪೂರ್ತಿಯಾಗಿ, ಅಕ್ಕ.

"...ಇಡೀ ದಿನ ಅವರದ್ದೇ ಮಾತು ಮಾರಾಯ್ತಿ. ಮಧ್ಯ ಮಧ್ಯ ನಂಗೆ, ಮಾತಾಡ್ಬೇಡ ಮಾತಾಡ್ಬೇಡ ಅಂತ ಬುದ್ಧಿ ಬೇರೆ. ನಾನು ಬಾಯಿ ತೆಗೆದದ್ದೇ ಎಲ್ಲಿ? ಕಡೆಗೆ ನಿನ್ನೆ ಅವರ ಗಂಟಲೇ ಕಟ್ಟಿತು. ಆಗ ನಾನು ಚೀಟಿ ಬರ್ದು ಕೊಟ್ಟೆ, ನೀವೂ ಮಾತಾಡ್ಬೇಡಿ ಅಂತ. ಸಿಟ್ಟು ಬಂತು. ರಿಕ್ಷಾ ಕರ್ಸಿ ಹೋದ್ರು."

ಹೇಳಿ ನಕ್ಕಳು. ಅವಳ ನಗುವಿನಲ್ಲಿ ಈಗ ದನಿ ಎಂಬುದೇ ಇಲ್ಲ. ಉಸಿರು ಹೊರಬಿದ್ದು, ತಡೆದು, ಮತ್ತೆ ಹೊರಬೀಳುವುದಷ್ಟೆ. ಆಪರೇಷನ್ ಆದಲ್ಲಿಂದ ಅವಳು ನಕ್ಕಿಲ್ಲ ಎಂದೇ ತಿಳಿದಿದ್ದೆ. ಹಾಗಾದರೆ ಈ ವಾರದಲ್ಲಿ ಎಷ್ಟು ಸಲ ನಕ್ಕಿದ್ದಳೋ, ಆ ಫೋನು ಎಷ್ಟನ್ನು ಗಾಳಿಯೆಂದು ಗುಡಿಸಿ ಹಾಕಿತ್ತೋ.

"ಕೇಳ್ತದಾ ನಿಂಗೆ?" ಎಂದಳು.

"ಕೇಳ್ತದೆ ಅಕ್ಕ. ಕಾಗೆಯೂ ಕೇಳ್ತದೆ."

"ಅದಕ್ಕೆ ಹೊತ್ತುಗೊತ್ತಿಲ್ಲ. ರಾತ್ರಿ ನೋವು ಕಡಿಮೆ ಇತ್ತು. ಇವತ್ತು ಗಂಜಿ ಸೇರಿತು. ಸರಿ, ಹತ್ತು ನಿಮಿಷ ಆಯ್ತು. ಇಡ್ತೇನೆ." ಗಡಿಯಾರ ನೋಡಿಕೊಂಡೇ ಮಾತಾಡುತ್ತಿದ್ದಳು. "ನಾಳೆ ಹನ್ನೊಂದಕ್ಕೆ ನಾನೇ ಮಾಡ್ತೇನೆ."

ಕತೆಯ ನಡುಭಾಗ ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ಮೂರು ಮೈಕಿನ ಅಣ್ಣ ನುಂಗಿದ.

ಅಂಗಡಿಯವನು ಎಲ್ಲ ನೋಡುತ್ತ ನಿಂತಿದ್ದ. "ಯೇ ವಾಲಾ?" ಎಂದು ಕೊನೆಯ ಸಲ ಕೇಳಿದ, ಒಳ್ಳೆಯ ಸಂಬಂಧ ಬಿಟ್ಟು ಹೋಗುತ್ತಿರುವ ಹುಡುಗಿಯನ್ನು ಕೇಳುವ ಹಾಗೆ. "ಇದೇ," ಎಂದೆ.

ಮನೆಗೆ ಬರುವ ದಾರಿಯಲ್ಲೇ ಅದರ ಗುಣಗಳು ಒಂದೊಂದಾಗಿ ಹೊರಬಿದ್ದವು. ಬಿಸಿಲಲ್ಲಿ ಪರದೆ ಕಾಣದೆ ಮೆಟ್ರೋ ನಿಲ್ದಾಣದ ಕಂಬದ ನೆರಳಿಗೆ ಹೋಗಿ ನಿಲ್ಲಬೇಕಾಯಿತು. ಇಟ್ಟಿಗೆ ಇಟ್ಟಷ್ಟು ಭಾರ ಚೀಲಕ್ಕೆ. ಮನೆಗೆ ಬಂದು ಚಾರ್ಜಿಗೆ ಹಾಕಿದರೆ ಕುಕ್ಕರಲ್ಲ, ಇಡೀ ಅಡುಗೆ, ಊಟ, ಪಾತ್ರೆ ಮುಗಿದರೂ ಅರ್ಧಕ್ಕೆ ಬಂದಿರಲಿಲ್ಲ. ಬೆರಳನ್ನಂತೂ ಅದು ಕೇಳಲೇ ಇಲ್ಲ, ಅಷ್ಟರಮಟ್ಟಿಗೆ ನೆಮ್ಮದಿ.

ಸಂಜೆ ಕಾಲೇಜಿನಿಂದ ಬಂದ ಮಗಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಅಮ್ಮಾ. ಯೇ ಕ್ಯಾ ಹೈ? ನೀನು ಪೈಸಾ ಕೊಟ್ಟು ಡೌನ್‌ಗ್ರೇಡ್ ಮಾಡ್ಕೊಂಡ್ಯಾ?" ನನ್ನದೊಂದು ಫೋಟೋ ತೆಗೆದು ನೋಡಿದಳು. "ಬ್ಲರ್. ಪೂರಾ ಬ್ಲರ್."

ಗಂಡ ಹೋಟೆಲಿನಿಂದಲೇ ಫೋನು ಮಾಡಿದರು. ಅಂಗಡಿಯವನು ಮಧ್ಯಾಹ್ನ ದೋಸೆ ತಿನ್ನುತ್ತ ಎಲ್ಲ ವರದಿ ಒಪ್ಪಿಸಿದ್ದ. ಹಿಂದೆ ಎಕ್ಸಾಸ್ಟ್ ಫ್ಯಾನು, ಗ್ರೈಂಡರು, ತಟ್ಟೆ, 'ಒಂದು ಸಾದಾ' ಎಲ್ಲ ಒಟ್ಟಿಗೆ ನುಗ್ಗಿ ಬಂದವು. "ಎಂತದು ಮಾರಾಯ್ತಿ, ಯಾರಾದ್ರೂ ಮೇಲಿಂದ ಕೆಳಗೆ ಹೋಗ್ತಾರಾ?" ಎಂದು ಅವರು ಕೂಗಿದಾಗ ಕಿವಿ ಗುಂಯ್ ಎಂದಿತು. ಫೋನನ್ನು ಒಂದು ಗೇಣು ದೂರ ಹಿಡಿದು, "ಅಕ್ಕ ನಕ್ಕದ್ದು ಕೇಳಿತು ರೀ," ಎಂದೆ. ಅತ್ತ ಗ್ರೈಂಡರು ಆರಿಸಿದ್ದು ಕೇಳಿಸಿತು. ಆ ಮೇಲೆ, "ಹೌದಾ? ಗಂಟಲು ಇನ್ನೂ ಸರಿ ಇಲ್ಲ ಅಂತ ಭಾವ ದಿನಾ ಹೇಳ್ತಿದ್ರು. ಹಾಗಾದ್ರೆ ಇರ್ಲಿ ಬಿಡು," ಎಂದರು. ಅವರೂ ಒಂದು ವಾರದಿಂದ ಭಾವನ ಹತ್ತಿರ ಅಕ್ಕನ ಗಂಟಲು ವಿಚಾರಿಸುತ್ತಲೇ ಇದ್ದರೆಂದು ನನಗೆ ಆಗ ಗೊತ್ತಾಯಿತು. ಅದನ್ನಾದರೂ ಒಂದು ಮಾತು ಹೇಳಬಾರದಿತ್ತೇ?

ಆರೂವರೆಗೆ ತರಕಾರಿ ಗಾಡಿಯವನು ಗೇಟಿನ ಬಳಿ ಕೂಗಿದ. ಬಟಾಣಿ, ಟೊಮೇಟೊ ತೂಗಿಸಿ, ಹಣ ಕಳಿಸಲು ಗಾಡಿಗೆ ನೇತುಹಾಕಿದ್ದ ಚೌಕದ ಚೀಟಿಗೆ ಫೋನು ಹಿಡಿದೆ. ಕ್ಯಾಮೆರಾ ಅದನ್ನು ಗುರುತಿಸಲಿಲ್ಲ. ಹತ್ತಿರ ಹಿಡಿದೆ, ದೂರ ಹಿಡಿದೆ, ಬಗ್ಗಿ ಹಿಡಿದೆ. ಮಬ್ಬು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಗಾಡಿಯವನು, "ಆಂಟೀಜೀ, ನೆಟ್ ಇಲ್ವಾ?" ಎಂದ. ನನ್ನ ಮುಖ ಬಿಸಿಯಾಯಿತು. ಅಂಗಡಿಯ ಆ ಅಣ್ಣನನ್ನೂ ತಮ್ಮನನ್ನೂ ಒಮ್ಮೆ ಆಸೆಯಿಂದ ನೆನೆದೆ ಎಂದೂ ಒಪ್ಪಿಕೊಳ್ಳಬೇಕು.

ಪಕ್ಕದಲ್ಲಿ ಟೊಮೇಟೊ ಒತ್ತಿ ಒತ್ತಿ ಆರಿಸುತ್ತಿದ್ದವರು ಎದುರು ಫ್ಲ್ಯಾಟಿನವರು. ಬಗ್ಗಿ ನನ್ನ ಕೈಯನ್ನು ನೋಡಿ, ತಮ್ಮ ಹಿಂದಿಯಲ್ಲಿ ಸಲೀಸಾಗಿ ಅಂದರು:

"ಅರೇ ಭಾಭೀಜೀ, ಇದಾ ತಗೊಂಡ್ರಿ? ನಮ್ಮ ಡ್ರೈವರ್ ಹತ್ರಾನೂ ಇದೇ ಇದೆ. ಊರಲ್ಲಿರೋ ಹೆಂಡ್ತಿ ಜೊತೆ ಇಡೀ ದಿನ ಅದೇನು ಗುಸುಗುಸು ಮಾಡ್ತಾನೋ. ಮುಂದಿನ ಸೀಟಲ್ಲಿ ಕೂತ್ರೂ ನಂಗೆ ಒಂದಕ್ಷರ ಕೇಳಿಸಲ್ಲ, ಅಷ್ಟು ದೂರ ಅವಳಿಗೆ ಅದು ಹೇಗೆ ಕೇಳಿಸುತ್ತೋ!"